ಸಹಜ ಹೆರಿಗೆ, ಸಂಗಾತಿ ಮತ್ತು ಡೌಲಾ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡೌಲಾ ಆಗಿ, ಅಂದರೆ ಹೆರಿಗೆಯ ಹೊತ್ತಿನಲ್ಲಿ ಹೆರುವವಳ ಜೊತೆಗಿದ್ದು ಧೈರ್ಯ, ನೆರವು ಕೊಡುವವಳಾಗಿ ಕೆಲಸ ಮಾಡುತ್ತೇನೆ. ಗರ್ಭಿಣಿಯರು, ಅವರ ಗಂಡಂದಿರು, ಅಮ್ಮಂದಿರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಕೆಲವನ್ನು ಮೊದಲ ಭೇಟಿಯಲ್ಲೇ ಕೇಳುತ್ತಾರೆ, ಕೆಲವು ನಡುರಾತ್ರಿ ಫೋನಿನಲ್ಲಿ ಬರುತ್ತವೆ. ಮೊದಲೇ ಒಂದು ಮಾತು: ನಿಮ್ಮ ಬಿಪಿ, ಶುಗರ್, ಸ್ಕ್ಯಾನಿಂಗ್ ವರದಿ ನೋಡಿರುವವರು ನಿಮ್ಮ ಡಾಕ್ಟರ್. ಇಲ್ಲಿ ಓದಿದ್ದಕ್ಕೂ ಅವರು ಹೇಳಿದ್ದಕ್ಕೂ ವ್ಯತ್ಯಾಸ ಕಂಡರೆ ಅವರನ್ನೇ ಕೇಳಿ.

ಸಹಜ ಹೆರಿಗೆ ಅಂದರೆ ಯಾವುದು?

ನೋವು ತಾನಾಗಿ ಶುರುವಾಗುವುದು, ಗರ್ಭಕೋಶದ ಬಾಯಿ ತನ್ನ ವೇಗದಲ್ಲಿ ತೆರೆದುಕೊಳ್ಳುವುದು, ಮಗು ಯೋನಿಯ ಮೂಲಕ ಹೊರಬರುವುದು, ಆಮೇಲೆ ಮಾಸು ಬೀಳುವುದು. ನೋವು ಬರಿಸುವ ಅಥವಾ ತಗ್ಗಿಸುವ ಔಷಧಿ ಇಲ್ಲದೆ, ಇಲ್ಲವೇ ಆದಷ್ಟು ಕಡಿಮೆ ಔಷಧಿಯಲ್ಲಿ ಇದೆಲ್ಲ ನಡೆದರೆ ಅದು ಸಹಜ ಹೆರಿಗೆ. ಎಲ್ಲಿ ಆಗುತ್ತದೆ ಎಂಬುದು ಬೇರೆ ಮಾತು. ದೊಡ್ಡ ಆಸ್ಪತ್ರೆಯ ಲೇಬರ್ ರೂಮಿನಲ್ಲೂ ಸಹಜ ಹೆರಿಗೆ ನಿತ್ಯ ಆಗುತ್ತಲೇ ಇರುತ್ತದೆ.

ಯಾರೂ ನೋಡಿಕೊಳ್ಳದೆ ಬಿಟ್ಟರೆ ಅದು ಸಹಜ ಹೆರಿಗೆ ಅಲ್ಲ. ಮಗುವಿನ ಎದೆಬಡಿತ, ತಾಯಿಯ ಬಿಪಿ, ರಕ್ತಸ್ರಾವ ಇವನ್ನೆಲ್ಲ ಗಮನಿಸುವವರು ಹತ್ತಿರದಲ್ಲೇ ಇರಬೇಕು. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ನನಗೆ ಸಹಜ ಹೆರಿಗೆ ಆಗುತ್ತಾ?

37 ವಾರ ತುಂಬಿದೆ, ಹೊಟ್ಟೆಯಲ್ಲಿ ಒಂದೇ ಮಗು ಇದೆ, ತಲೆ ಕೆಳಗಿದೆ, ನಿಮಗೂ ಮಗುವಿಗೂ ದೊಡ್ಡ ತೊಂದರೆ ಇಲ್ಲ ಅಂದರೆ ಸಾಧ್ಯತೆ ಚೆನ್ನಾಗಿಯೇ ಇದೆ. "ಎತ್ತರ ಕಡಿಮೆ, ನಿನಗೆ ಆಗಲ್ಲ" ಎಂದು ಯಾರಾದರೂ ಹೇಳಿದ್ದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಎತ್ತರ ಒಂದನ್ನೇ ನೋಡಿ ಹೇಳಲು ಆಗುವುದಿಲ್ಲ. ನೋವಿನ ಹೊತ್ತಿನಲ್ಲಿ ಮಗುವಿನ ತಲೆ ಹೊಂದಿಕೊಳ್ಳುತ್ತದೆ, ಸೊಂಟದ ಕೀಲುಗಳೂ ಸ್ವಲ್ಪ ಸಡಿಲವಾಗಿರುತ್ತವೆ.

ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿದ್ದರೆ ಮಾತ್ರ ಬೇರೆ ದಾರಿ ಇಲ್ಲ, ಸಿಸೇರಿಯನ್ ಬೇಕೇ ಬೇಕು. ದಿನ ತುಂಬುವ ಹೊತ್ತಿಗೆ ನೂರರಲ್ಲಿ ಮೂರು ನಾಲ್ಕು ಮಕ್ಕಳು ತಲೆ ಮೇಲೆ ಮಾಡಿಕೊಂಡೇ ಇರುತ್ತವೆ. ಆಗ ಡಾಕ್ಟರು ಸುಮಾರು 36-37 ವಾರದಲ್ಲಿ ಹೊಟ್ಟೆಯ ಮೇಲಿಂದ ಕೈಯಲ್ಲಿ ಒತ್ತಿ ಮಗುವನ್ನು ತಿರುಗಿಸಲು ಪ್ರಯತ್ನಿಸಬಹುದು. ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಮಗು ತಿರುಗುತ್ತದೆ. ಇದು ತರಬೇತಿ ಇರುವ ಡಾಕ್ಟರು, ಆಸ್ಪತ್ರೆಯಲ್ಲಿ, ಮಗುವಿನ ಎದೆಬಡಿತ ನೋಡುತ್ತಾ ಮಾಡುವ ಕೆಲಸ. ಮನೆಯಲ್ಲಿ ಯಾರ ಕೈಯಲ್ಲೂ ಹೊಟ್ಟೆ ಒತ್ತಿಸಿಕೊಳ್ಳಬೇಡಿ.

ಡಾಕ್ಟರ್, ನರ್ಸ್ ಎಲ್ಲ ಇರುವಾಗ ಡೌಲಾ ಯಾಕೆ?

ಅವರ ಕೆಲಸ ಬೇರೆ, ನಮ್ಮ ಕೆಲಸ ಬೇರೆ. ಡಾಕ್ಟರ್, ನರ್ಸ್, ಮಿಡ್‌ವೈಫ್ (ತರಬೇತಿ ಪಡೆದ ಸೂಲಗಿತ್ತಿ) ನಿಮ್ಮ ಮತ್ತು ಮಗುವಿನ ಆರೋಗ್ಯ ನೋಡುತ್ತಾರೆ. ಅವರಿಗೆ ಪಕ್ಕದ ರೂಮಿನಲ್ಲಿ ಇನ್ನೊಬ್ಬರು, ಅದರಾಚೆ ಮತ್ತೊಬ್ಬರು ಇರುತ್ತಾರೆ. ಡ್ಯೂಟಿ ಮುಗಿದರೆ ಹೊರಡುತ್ತಾರೆ. ಅವರನ್ನು ದೂರುವ ಹಾಗಿಲ್ಲ, ಕೆಲಸ ಇರುವುದೇ ಹಾಗೆ. ಡೌಲಾ ಮಾತ್ರ ಆ ಹೊತ್ತಿಗೆ ನಿಮ್ಮೊಬ್ಬರಿಗಾಗಿಯೇ ಬಂದಿರುತ್ತಾರೆ, ಮಗು ಕೈಗೆ ಬರುವವರೆಗೆ ಹೋಗುವುದಿಲ್ಲ.

ಅಷ್ಟು ಹೊತ್ತು ಮಾಡುವುದೇನು ಅಂದರೆ, ಸೊಂಟ ಒತ್ತುವುದು, ಉಸಿರಿಗೆ ಉಸಿರು ಸೇರಿಸುವುದು, ಭಂಗಿ ಬದಲಿಸಲು ಕೈ ಕೊಡುವುದು, ನೀರು ಕುಡಿಸುವುದು, ಬಾತ್‌ರೂಮಿಗೆ ಕರೆದುಕೊಂಡು ಹೋಗುವುದು, ಡಾಕ್ಟರ್ ಹೇಳಿದ್ದು ಅರ್ಥವಾಗದಿದ್ದರೆ ಬಿಡಿಸಿ ಹೇಳುವುದು. ಎಷ್ಟೋ ಸಲ ಏನೂ ಮಾಡದೆ ಪಕ್ಕದಲ್ಲಿ ಕೂತಿರುವುದು. ಹೆರಿಗೆಗೆ ಮುಂಚೆ ಒಂದೆರಡು ಸಲ ಭೇಟಿಯಾಗಿ ನಿಮ್ಮ ಭಯ, ಆಸೆ, ಹಿಂದಿನ ಅನುಭವ ಎಲ್ಲ ಕೇಳಿಕೊಂಡಿರುತ್ತೇವೆ. ಹಾಗಾಗಿ ಆ ದಿನ ಹೊಸ ಮುಖ ಅನ್ನಿಸುವುದಿಲ್ಲ.

ಡೌಲಾ ಒಳಪರೀಕ್ಷೆ ಮಾಡ್ತಾರಾ? ಇಂಜೆಕ್ಷನ್ ಕೊಡ್ತಾರಾ?

ಇಲ್ಲ. ಒಳಪರೀಕ್ಷೆ, ಔಷಧಿ, ಬಿಪಿ ನೋಡುವುದು, ಮಗು ಹಿಡಿಯುವುದು ಯಾವುದೂ ನಮ್ಮ ಕೆಲಸ ಅಲ್ಲ. ನಿಮ್ಮ ಪರವಾಗಿ ಡಾಕ್ಟರ ಹತ್ತಿರ ಜಗಳ ಮಾಡುವುದೂ ಅಲ್ಲ. ಮನೆಯಲ್ಲಿ ನಾನೊಬ್ಬಳೇ ಹೆರಿಗೆ ಮಾಡಿಸಿಬಿಡುತ್ತೇನೆ ಎನ್ನುವ ಡೌಲಾ ಸಿಕ್ಕರೆ ಅವರಿಂದ ದೂರ ಇರಿ.

ಇದರಿಂದ ನಿಜವಾಗಿ ಉಪಯೋಗ ಇದೆಯಾ, ಅಥವಾ ಬರೀ ಸಮಾಧಾನವಾ?

ಇದನ್ನು ತೂಗಿ ನೋಡಿದ್ದಾರೆ. ಮಕ್ಕಳ ಡಾಕ್ಟರುಗಳಾದ ಮಾರ್ಷಲ್ ಕ್ಲಾಸ್, ಜಾನ್ ಕೆನ್ನೆಲ್ ಮತ್ತು ಅವರ ಜೊತೆಗಾರರು ಗ್ವಾಟೆಮಾಲಾದ ಆಸ್ಪತ್ರೆಯೊಂದರಲ್ಲಿ ಮಾಡಿದ ಅಧ್ಯಯನ 1980ರಲ್ಲಿ ಪ್ರಕಟವಾಯಿತು. ಅಲ್ಲಿ ಹೆಂಗಸರು ಒಬ್ಬಂಟಿಯಾಗಿ ನೋವು ತಿನ್ನುವುದು ರೂಢಿಯಾಗಿತ್ತು. ಕೆಲವರ ಜೊತೆ ಮಾತ್ರ ಒಬ್ಬ ಹೆಂಗಸನ್ನು ಕೊನೆವರೆಗೂ ಕೂರಿಸಿದರು. ಆಕೆ ಪರಿಚಯದವಳಲ್ಲ, ವೈದ್ಯಕೀಯ ತರಬೇತಿಯೂ ಇಲ್ಲ. ಬೆನ್ನು ಸವರಿದಳು, ಕೈ ಹಿಡಿದಳು, ಮಾತಾಡಿಸಿದಳು, ಅಷ್ಟೇ. ಜೊತೆಗೆ ಒಬ್ಬರಿದ್ದವರಿಗೆ ಹೆರಿಗೆ ಬೇಗ ಆಯಿತು, ತೊಂದರೆಗಳೂ ಕಡಿಮೆಯಾದವು. ನನಗೆ ತುಂಬ ಹಿಡಿಸಿದ್ದು ಇನ್ನೊಂದು ವಿಷಯ. ಆ ತಾಯಂದಿರು ಹೆರಿಗೆಯಾದ ಮೇಲೆ ಮಗುವನ್ನು ಜಾಸ್ತಿ ಸವರಿದರು, ಜಾಸ್ತಿ ಮಾತಾಡಿಸಿದರು, ಮಗುವಿನ ಮುಖ ನೋಡಿ ಜಾಸ್ತಿ ನಕ್ಕರು.

ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಇಂಥ ಅಧ್ಯಯನಗಳಾದವು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆ 17 ದೇಶಗಳ 26 ಅಧ್ಯಯನಗಳನ್ನು, 15,000ಕ್ಕೂ ಹೆಚ್ಚು ಹೆಂಗಸರ ವಿವರವನ್ನು ಒಟ್ಟಿಗೆ ಇಟ್ಟು ನೋಡಿತು. ಬಿಡದೆ ಜೊತೆ ಇದ್ದವರಿದ್ದರೆ ಸಹಜವಾಗಿ ಹೆರಿಗೆ ಆಗುವುದು ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಔಷಧಿ ಕಡಿಮೆ, ಹೆರಿಗೆಯ ಬಗ್ಗೆ ಬೇಸರ ಉಳಿಯುವುದೂ ಕಡಿಮೆ ಎಂದು ಕಂಡಿತು. ಹೆರಿಗೆಯ ಸಮಯವೂ ಸ್ವಲ್ಪ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಮಾರ್ಗಸೂಚಿಯಲ್ಲಿ, ಹೆರುವವಳು ತಾನೇ ಆರಿಸಿಕೊಂಡ ಒಬ್ಬರು ಹೆರಿಗೆ ಉದ್ದಕ್ಕೂ ಅವಳ ಜೊತೆ ಇರಬೇಕು ಎಂದು ಹೇಳಿದೆ.

ಇಲ್ಲಿ ಮುಖ್ಯವಾದ ಮಾತು "ಬಿಡದೆ" ಅನ್ನುವುದು. ಆಗಾಗ ಬಂದು ಇಣುಕಿ ಹೋದರೆ ಅದು ಜೊತೆಗಿದ್ದಂತೆ ಆಗುವುದಿಲ್ಲ. ನೋವು ಬಂದಾಗ ಪಕ್ಕದಲ್ಲಿ ಯಾರೂ ಇಲ್ಲ ಅನ್ನಿಸಿದ ಕ್ಷಣವೇ ಭಯ ಒಳಗೆ ಬರುತ್ತದೆ.

ಗಂಡ ಜೊತೆಗಿರ್ತಾರೆ. ಆದರೂ ಡೌಲಾ ಬೇಕಾ?

ಬೇಕೇ ಬೇಕು ಅಂತಿಲ್ಲ. ಸಂಗಾತಿ, ಅಕ್ಕ, ಅಮ್ಮ, ಗೆಳತಿ ಯಾರೇ ಆಗಲಿ, ನಿಮಗೆ ನಂಬಿಕೆ ಇರುವ ಒಬ್ಬರು ಕೊನೆವರೆಗೂ ಜೊತೆಗಿದ್ದರೆ ಅದೇ ದೊಡ್ಡದು. ಡೌಲಾ ಸಿಗದಿದ್ದರೆ ಇನ್ನೇನು ಕಥೆ ಅಂತ ಕಂಗಾಲಾಗಬೇಡಿ.

ಇಬ್ಬರೂ ಇದ್ದರೆ ಆಗುವ ಅನುಕೂಲವೇ ಬೇರೆ. ನಿಮ್ಮ ಸಂಗಾತಿಗೆ ನಿಮ್ಮ ಬಗ್ಗೆ ಗೊತ್ತಿರುವಷ್ಟು ನನಗೆ ಯಾವತ್ತೂ ಗೊತ್ತಾಗುವುದಿಲ್ಲ. ಯಾವಾಗ ಮುಟ್ಟಿದರೆ ಹಿತ, ಯಾವಾಗ ಮುಟ್ಟಿದರೆ ಸಿಟ್ಟು, ಸುಮ್ಮನಿದ್ದೀರಿ ಅಂದರೆ ಸುಸ್ತಾ ಭಯವಾ, ಇದೆಲ್ಲ ಅವರಿಗೇ ಗೊತ್ತು. ನನಗೆ ಹೆರಿಗೆ ಹೇಗೆ ಸಾಗುತ್ತದೆ ಅಂತ ಗೊತ್ತು. ನೀವು ನಡುಗುತ್ತಿದ್ದರೆ ಅವರು ಗಾಬರಿಯಾಗುತ್ತಾರೆ. "ಇದು ಆಗುವಂಥದ್ದೇ, ಹೆದರಬೇಡಿ" ಎಂದು ಆ ಗಳಿಗೆಯಲ್ಲಿ ಹೇಳುವವರು ಅವರಿಗೂ ಬೇಕು ಅಲ್ವಾ? ಇಡೀ ರಾತ್ರಿ ಸೊಂಟ ಒತ್ತಿ ಕೈ ಸೋತಾಗ ಒಂದು ಗಂಟೆ ಕಣ್ಣು ಮುಚ್ಚಲು ಅವರಿಗೂ ಆಗಬೇಕು. ನಾನು ಇರುವುದು ಅವರ ಜಾಗ ಹಿಡಿಯಲು ಅಲ್ಲ. ಎಷ್ಟೋ ಸಲ ನಾನು ಹಿಂದೆ ನಿಂತು, ಎಲ್ಲಿ ಕೈ ಇಡಬೇಕು ಅಂತ ಅವರಿಗೆ ತೋರಿಸಿ ಸುಮ್ಮನಾಗುತ್ತೇನೆ.

ನನ್ನ ಗಂಡನಿಗೆ ರಕ್ತ ಕಂಡರೆ ತಲೆ ಸುತ್ತುತ್ತೆ. ಏನು ಮಾಡೋದು?

ತಲೆಯ ಹತ್ತಿರ, ನಿಮ್ಮ ಮುಖ ನೋಡುತ್ತಾ ನಿಲ್ಲಲಿ. ಕೆಳಗೆ ನೋಡಬೇಕು ಅಂತ ಯಾರೂ ಹೇಳಿಲ್ಲ. ಹೊಟ್ಟೆ ಖಾಲಿ ಇಟ್ಟುಕೊಳ್ಳದಿರಲಿ, ಪಕ್ಕದಲ್ಲೊಂದು ಕುರ್ಚಿ ಇರಲಿ. ಕೊನೆಯ ಹಂತದಲ್ಲಿ ಹೊರಗೆ ಹೋಗುತ್ತೇನೆ ಅಂದರೂ ಪರವಾಗಿಲ್ಲ, ಆದರೆ ಅದನ್ನು ಮೊದಲೇ ಮಾತಾಡಿಕೊಂಡಿರಿ. ಆಗ ನಿಮಗೆ ಬಿಟ್ಟುಹೋದರು ಅನ್ನಿಸುವುದಿಲ್ಲ.

ನೋವು ಎಷ್ಟಿರುತ್ತೆ? ತಡೆದುಕೊಳ್ಳೋಕೆ ಆಗುತ್ತಾ?

ಜಾಸ್ತಿ ಇರುತ್ತದೆ. ಇದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಆದರೆ ಈ ನೋವಿಗೆ ಒಂದು ಕ್ರಮ ಇದೆ. ಅಲೆಯ ಹಾಗೆ ಮೆಲ್ಲಗೆ ಏರಿ, ತುದಿ ಮುಟ್ಟಿ, ಇಳಿದುಹೋಗುತ್ತದೆ. ಜೋರು ನೋವೂ ಸಾಮಾನ್ಯವಾಗಿ ಒಂದು, ಒಂದೂವರೆ ನಿಮಿಷದಲ್ಲಿ ಇಳಿಯುತ್ತದೆ. ಮಧ್ಯೆ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಕೆಲವರು ನಿದ್ದೆಯನ್ನೂ ಮಾಡುತ್ತಾರೆ, ನಿಜವಾಗಿ ಗೊರಕೆ ಹೊಡೆಯುತ್ತಾರೆ. ಹಾಗಾಗಿ ಹತ್ತು ಗಂಟೆ ಹೆರಿಗೆ ಅಂದರೆ ಹತ್ತು ಗಂಟೆ ನೋವು ಅಂತ ಲೆಕ್ಕ ಹಾಕಬೇಡಿ.

ದೇಹದ ಒಳಗೆ ನಡೆಯುವುದನ್ನು ತಿಳಿದುಕೊಂಡರೆ ಭಯ ಅರ್ಧ ಇಳಿಯುತ್ತದೆ. ಗರ್ಭಕೋಶವನ್ನು ಬಿಗಿಯುವಂತೆ ಮಾಡುವುದು ಆಕ್ಸಿಟೋಸಿನ್ ಎಂಬ ಹಾರ್ಮೋನು. ನೋವು ಏರಿದ ಹಾಗೆ ದೇಹವೇ ಎಂಡಾರ್ಫಿನ್ ಎಂಬ ನೋವು ತಗ್ಗಿಸುವ ವಸ್ತುವನ್ನೂ ಬಿಡುತ್ತದೆ. ಆದರೆ ಭಯವಾದಾಗ, ಜನ ಗದರಿದಾಗ, ಕಣ್ಣಿಗೆ ಬೆಳಕು ಹೊಡೆದಾಗ ಅಡ್ರಿನಲಿನ್ ಏರುತ್ತದೆ. ಅದು ಏರಿದರೆ ನೋವಿನ ಲಯ ತಪ್ಪಬಹುದು, ಹೆರಿಗೆ ನಿಧಾನವಾಗಬಹುದು. ಹೆದರಿದವರು ಮೈ ಬಿಗಿ ಹಿಡಿಯುತ್ತಾರೆ, ಬಿಗಿ ಹಿಡಿದರೆ ನೋವು ಇನ್ನೂ ಜಾಸ್ತಿ, ಅದರಿಂದ ಮತ್ತೆ ಭಯ. ಮಂದ ಬೆಳಕು, ಮೆಲುದನಿ, ಗೊತ್ತಿರುವವರ ಕೈ, ಬೆಚ್ಚಗಿನ ನೀರು ಇವನ್ನೆಲ್ಲ ನಾವು ಒತ್ತಿ ಹೇಳುವುದು ಈ ಸುತ್ತನ್ನು ಮುರಿಯಲು.

ಕೂಗಬೇಕು ಅನ್ನಿಸಿದರೆ ಕೂಗಿ. ಕಿರುಚುವುದಕ್ಕಿಂತ ಗಂಟಲಾಳದಿಂದ "ಆ…" ಎಂದು ದಪ್ಪ ದನಿ ತೆಗೆದರೆ ದವಡೆ, ಭುಜ ಸಡಿಲವಾಗುತ್ತವೆ.

ನಿಜವಾದ ನೋವು ಅಂತ ಹೇಗೆ ಗೊತ್ತಾಗುತ್ತೆ? ಆಸ್ಪತ್ರೆಗೆ ಯಾವಾಗ ಹೊರಡಬೇಕು?

ಸುಳ್ಳು ನೋವು ಲೆಕ್ಕವಿಲ್ಲದೆ ಬರುತ್ತದೆ. ಎದ್ದು ಓಡಾಡಿದರೆ, ನೀರು ಕುಡಿದು ಮಲಗಿದರೆ ಕಡಿಮೆಯಾಗುತ್ತದೆ. ನಿಜವಾದ ನೋವು ಏನು ಮಾಡಿದರೂ ನಿಲ್ಲುವುದಿಲ್ಲ. ಬರಬರುತ್ತಾ ಹತ್ತಿರವಾಗುತ್ತದೆ, ಉದ್ದವಾಗುತ್ತದೆ, ಜೋರಾಗುತ್ತದೆ. ಮಾತಾಡುತ್ತಿದ್ದವರು ನೋವು ಬಂದಾಗ ಮಾತು ನಿಲ್ಲಿಸಿಬಿಡುತ್ತಾರೆ. ಗಡಿಯಾರಕ್ಕಿಂತ ನಾನು ಇದನ್ನೇ ಹೆಚ್ಚು ನಂಬುತ್ತೇನೆ.

ತೊಂದರೆ ಇಲ್ಲದ ಚೊಚ್ಚಲ ಹೆರಿಗೆಗೆ ಸಾಮಾನ್ಯವಾಗಿ ಹೇಳುವ ಲೆಕ್ಕ ಹೀಗಿದೆ: ಐದು ನಿಮಿಷಕ್ಕೊಂದು ನೋವು, ಒಂದೊಂದೂ ಒಂದು ನಿಮಿಷ, ಹೀಗೆ ಒಂದು ಗಂಟೆ ನಡೆದರೆ ಹೊರಡಿ. ಎರಡನೇ ಹೆರಿಗೆಯಾದರೆ, ಆಸ್ಪತ್ರೆ ದೂರ ಇದ್ದರೆ ಇಷ್ಟು ಕಾಯಬೇಡಿ. ಡಾಕ್ಟರ್ ನಿಮಗೆ ಬೇರೆ ಲೆಕ್ಕ ಕೊಟ್ಟಿದ್ದರೆ ಅದೇ ನಿಮ್ಮ ಲೆಕ್ಕ.

ಲೆಕ್ಕ ಗಿಕ್ಕ ನೋಡದೆ ಓಡಬೇಕಾದದ್ದು ಯಾವಾಗ?

ರಕ್ತ ಹೋಗುತ್ತಿದ್ದರೆ. ಲೋಳೆಯ ಜೊತೆ ಒಂದಿಷ್ಟು ಕೆಂಪು ಬೆರೆತು ಬರುವುದು ಬೇರೆ, ಅದು ಹೆರಿಗೆ ಹತ್ತಿರವಾದದ್ದರ ಗುರುತು. ಮುಟ್ಟಿನ ಹಾಗೆ ರಕ್ತ ಹೋದರೆ ಕಾಯಬೇಡಿ. ಮಗುವಿನ ಓಡಾಟ ಕಡಿಮೆಯಾದರೆ ಅಥವಾ ನಿಂತರೆ, ನೀರು ಒಡೆದು ಅದು ಹಸಿರು ಅಥವಾ ಕಂದು ಬಣ್ಣ ಇದ್ದರೆ, ಕೆಟ್ಟ ವಾಸನೆ ಬಂದರೆ, ಜ್ವರ ಇದ್ದರೆ, ವಿಪರೀತ ತಲೆನೋವು, ಕಣ್ಣು ಮಂಜು, ಮೇಲ್ಹೊಟ್ಟೆ ನೋವು ಇದ್ದರೆ, ಫಿಟ್ಸ್ ಬಂದರೆ, 37 ವಾರ ತುಂಬುವ ಮೊದಲೇ ನೋವು ಅಥವಾ ನೀರು ಬಂದರೆ ತಕ್ಷಣ ಹೊರಡಿ. ಹೊಕ್ಕುಳಬಳ್ಳಿ ಹೊರಗೆ ಬಂದಂತೆ ಕಂಡರೆ ಅಥವಾ ಕೈಗೆ ತಾಗಿದರೆ, ಮೊಣಕಾಲು ಮತ್ತು ಎದೆ ನೆಲಕ್ಕೆ ಊರಿ, ಸೊಂಟ ಮೇಲೆ ಎತ್ತಿ ಇರಿ. ಆ ಹೊತ್ತಿಗೆ ಬೇರೆಯವರು ಆಂಬುಲೆನ್ಸ್ ಕರೆಸಲಿ. ಮೊದಲು ಫೋನ್ ಮಾಡಬೇಕಾದದ್ದು ಆಸ್ಪತ್ರೆಗೆ, ಡೌಲಾಗೆ ಅಲ್ಲ.

ನೀರು ಒಡೆದು ಬಣ್ಣ ತಿಳಿಯಾಗಿದ್ದರೂ, ನೋವು ಶುರುವಾಗದಿದ್ದರೂ ಆಸ್ಪತ್ರೆಗೆ ತಿಳಿಸಲೇಬೇಕು. ಸಿನಿಮಾದಲ್ಲಿ ತೋರಿಸುವ ಹಾಗೆ ಎಲ್ಲರಿಗೂ ಮೊದಲು ನೀರು ಒಡೆಯುವುದಿಲ್ಲ. ಹೆಚ್ಚಿನವರಿಗೆ ನೋವು ಶುರುವಾದ ಮೇಲೆಯೇ ಒಡೆಯುತ್ತದೆ.

ಒಟ್ಟು ಎಷ್ಟು ಹೊತ್ತು ಹಿಡಿಯುತ್ತೆ?

ಗರ್ಭಕೋಶದ ಬಾಯಿ ತೆರೆಯುವುದು ಮೊದಲ ಹಂತ, ಅದರ ಶುರುವಿಗೆ ಇಷ್ಟೇ ಹೊತ್ತು ಅಂತ ಇಲ್ಲ. ಒಂದು ದಿನ ಹಿಡಿದರೂ ಹೊಸದೇನಲ್ಲ. ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದ ಮೇಲೆ ಜೋರು ಹಂತ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಲ್ಲಿಂದ 10 ಸೆಂಟಿಮೀಟರ್ ಆಗಲು ಚೊಚ್ಚಲಲ್ಲಿ ಸಾಮಾನ್ಯವಾಗಿ 12 ಗಂಟೆ ಮೀರುವುದಿಲ್ಲ, ನಂತರದ ಹೆರಿಗೆಗಳಲ್ಲಿ 10 ಗಂಟೆ ಮೀರುವುದಿಲ್ಲ. ಬಾಯಿ ಪೂರ್ತಿ ತೆರೆದ ಮೇಲೆ ಮಗು ಹೊರಬರಲು ಚೊಚ್ಚಲಲ್ಲಿ 3 ಗಂಟೆಯವರೆಗೆ, ಆಮೇಲಿನವುಗಳಲ್ಲಿ 2 ಗಂಟೆಯವರೆಗೆ ಹಿಡಿಯಬಹುದು. ಗಂಟೆಗೆ 1 ಸೆಂಟಿಮೀಟರ್ ತೆರೆಯಲೇಬೇಕು ಎಂಬ ಹಳೆಯ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ ಎಂದೂ ಅದೇ ಮಾರ್ಗಸೂಚಿ ಹೇಳುತ್ತದೆ. "ಇನ್ನೂ ನಾಲ್ಕೇ" ಅಂತ ಕೇಳಿದಾಗ ಎದೆ ಒಡೆದುಕೊಳ್ಳಬೇಡಿ. ನಾಲ್ಕರಲ್ಲಿ ಗಂಟೆಗಟ್ಟಲೆ ನಿಂತು, ಆಮೇಲೆ ಸರಸರ ಮುಂದೆ ಹೋದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಸಂಗಾತಿ ಆ ಹೊತ್ತಿನಲ್ಲಿ ನಿಜವಾಗಿ ಮಾಡಬಹುದಾದದ್ದು ಏನು?

ಸಂಗಾತಿಗೇ ಹೇಳುವುದಾದರೆ, ಸೊಂಟ ಒತ್ತುವುದನ್ನು ಕಲಿಯಿರಿ. ಇದೊಂದನ್ನು ಮೊದಲೇ ಅಭ್ಯಾಸ ಮಾಡಿಕೊಂಡರೆ ಸಾಕು, ಮಿಕ್ಕಿದ್ದು ತಾನಾಗಿ ಬರುತ್ತದೆ. ಅವಳು ಮಂಚಕ್ಕೋ ಗೋಡೆಗೋ ಕೈ ಕೊಟ್ಟು ಮುಂದಕ್ಕೆ ಬಾಗಿ ನಿಲ್ಲಲಿ. ಬೆನ್ನುಮೂಳೆಯ ಕೆಳಗೆ, ಎರಡು ಪೃಷ್ಠಗಳ ನಡುವಿನ ಸೀಳು ಶುರುವಾಗುವ ಜಾಗಕ್ಕಿಂತ ಸ್ವಲ್ಪ ಮೇಲೆ ಒಂದು ಚಪ್ಪಟೆ ಮೂಳೆ ಸಿಗುತ್ತದೆ. ಅಂಗೈಯ ಬುಡವನ್ನು ಅಲ್ಲಿ ಊರಿ. ನೋವು ಏರಲು ಶುರುವಾದ ಕೂಡಲೇ ಒತ್ತಿ, ಇಳಿಯುವವರೆಗೂ ಕೈ ತೆಗೆಯಬೇಡಿ. ತಿಕ್ಕಬೇಡಿ, ಒಂದೇ ಜಾಗದಲ್ಲಿ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ತೋಳಿನ ಬಲ ಬಳಸಿದರೆ ಹತ್ತು ನಿಮಿಷಕ್ಕೆ ಸೋಲುತ್ತೀರಿ. ಮೊಣಕೈ ನೇರ ಇಟ್ಟು ಮೈಭಾರ ಬಿಡಿ. ಎಷ್ಟು ಬಲ ಬೇಕು ಅಂತ ಅವಳೇ ಹೇಳುತ್ತಾಳೆ, ಹೆಚ್ಚಿನ ಸಲ "ಇನ್ನೂ ಜೋರಾಗಿ" ಅಂತಲೇ ಹೇಳುತ್ತಾಳೆ. ಇನ್ನೊಂದು ರೀತಿಯೂ ಇದೆ. ಎರಡೂ ಅಂಗೈಯನ್ನು ಪೃಷ್ಠದ ಎರಡು ಪಕ್ಕದ ದಪ್ಪ ಭಾಗದ ಮೇಲಿಟ್ಟು, ಒಳಕ್ಕೂ ಸ್ವಲ್ಪ ಮೇಲಕ್ಕೂ ಒಟ್ಟಿಗೆ ಒತ್ತಬೇಕು. ಮಗುವಿನ ಬೆನ್ನು ತಾಯಿಯ ಬೆನ್ನಿನ ಕಡೆ ತಿರುಗಿದ್ದು ನೋವೆಲ್ಲ ಸೊಂಟದಲ್ಲೇ ನಿಂತಿದ್ದರೆ ಈ ಎರಡರಿಂದ ಸಿಗುವ ಸುಖ ಮಾತಲ್ಲಿ ಹೇಳಲಾಗದು.

ನೋವು ಬಂದಿರುವಾಗ ಪ್ರಶ್ನೆ ಕೇಳಬೇಡಿ. ನೀರು ಬೇಕಾ, ಬೇಡವಾ ಅಂತ ಕೇಳುವ ಬದಲು, ನೋವು ಇಳಿದ ಮೇಲೆ ಸ್ಟ್ರಾ ಇಟ್ಟ ಲೋಟವನ್ನು ತುಟಿಗೆ ಹಿಡಿಯಿರಿ. ಬೇಕಿದ್ದರೆ ಕುಡಿಯುತ್ತಾಳೆ. ಒಂದೆರಡು ಗಂಟೆಗೊಮ್ಮೆ ಮೂತ್ರಕ್ಕೆ ಎಬ್ಬಿಸಿ, ತುಂಬಿದ ಮೂತ್ರಕೋಶ ಮಗು ಇಳಿಯಲು ಅಡ್ಡಿ. ಅವಳು ಕೈ ಕೊಡವಿ "ಮುಟ್ಬೇಡ" ಅಂದರೆ ಬೇಸರ ಮಾಡಿಕೊಳ್ಳಬೇಡಿ, ಅಲ್ಲೇ ಕೂತಿರಿ. ಫೋನ್ ಬದಿಗಿಡಿ. ನೆಂಟರಿಗೆ ಸುದ್ದಿ ಕೊಡುವ ಕೆಲಸ ಹೊರಗಿರುವ ಒಬ್ಬರಿಗೆ ವಹಿಸಿ.

"ನನ್ನಿಂದ ಆಗಲ್ಲ" ಅಂತ ಅಳೋಕೆ ಶುರು ಮಾಡಿದರೆ?

ಹೆಚ್ಚಿನವರು ಒಂದಲ್ಲ ಒಂದು ಹೊತ್ತಿನಲ್ಲಿ ಹೇಳುತ್ತಾರೆ. ಸಾಮಾನ್ಯವಾಗಿ 8ರಿಂದ 10 ಸೆಂಟಿಮೀಟರ್ ನಡುವೆ. ಕಾಲು ಗಡಗಡ ನಡುಗುತ್ತದೆ, ವಾಂತಿ ಬರುತ್ತದೆ, ಒಮ್ಮೆ ಸೆಕೆ ಒಮ್ಮೆ ಚಳಿ. "ಮನೆಗೆ ಹೋಗೋಣ" ಅನ್ನುತ್ತಾರೆ, "ಆಪರೇಷನ್ ಮಾಡಿಬಿಡಿ" ಅನ್ನುತ್ತಾರೆ. ನೋವುಗಳ ನಡುವಿನ ಬಿಡುವು ತೀರಾ ಕಡಿಮೆಯಾಗುತ್ತದೆ. ಹೆರಿಗೆಯ ಅತಿ ಕಷ್ಟದ ಭಾಗ ಇದು, ಹೆಚ್ಚಿನವರಿಗೆ ಅತಿ ಚಿಕ್ಕ ಭಾಗವೂ ಹೌದು.

ಇಲ್ಲಿ ಭಾಷಣ ಬೇಡ. ಅವಳ ಕಣ್ಣಿನ ಮಟ್ಟಕ್ಕೆ ಬಗ್ಗಿ, ಹೆಸರು ಹಿಡಿದು ಕರೆಯಿರಿ. "ನನ್ನ ನೋಡು. ಈ ಒಂದು ನೋವು ಮಾತ್ರ. ಇಳೀತಾ ಇದೆ, ನೋಡು, ಇಳೀತು." ಮುಂದಿನದ್ದರ ಮಾತೇ ಎತ್ತಬೇಡಿ. ನೀವೇ ನಿಧಾನವಾಗಿ ಉಸಿರು ಬಿಡಿ, ಅವಳು ಹಿಂಬಾಲಿಸುತ್ತಾಳೆ. ನಿಮ್ಮ ಕಣ್ಣಲ್ಲಿ ನೀರು ಬಂದರೆ ಬರಲಿ, ಆದರೆ ಎದ್ದು ಹೊರಗೆ ಹೋಗಬೇಡಿ.

ಅಳುವುದೇ ಬೇರೆ, ನಿಜವಾದ ಸಂಕಟವೇ ಬೇರೆ. ನೋವುಗಳ ನಡುವೆಯೂ ಅವಳು ಕಂಗೆಟ್ಟಿದ್ದರೆ, ಔಷಧಿ ಬೇಕು ಅಂತ ಮತ್ತೆ ಮತ್ತೆ ಹೇಳಿದರೆ, ಅದನ್ನು ಈ ಹಂತದ ಮಾತು ಅಂತ ತಳ್ಳಿಹಾಕಬೇಡಿ.

ಮಲಗಿಕೊಂಡೇ ಹೆರಬೇಕಾ?

ಇಲ್ಲ. ಅಂಗಾತ ಮಲಗಿದರೆ ನೋಡುವವರಿಗೆ ಅನುಕೂಲ, ಹೆರುವವರಿಗೆ ಅಲ್ಲ. ನೋವಿನ ಹೊತ್ತಿನಲ್ಲಿ ಓಡಾಡಿ, ಬರ್ತ್ ಬಾಲ್ (ಗಾಳಿ ತುಂಬಿದ ದೊಡ್ಡ ಚೆಂಡು) ಮೇಲೆ ಕೂತು ಸೊಂಟ ತಿರುಗಿಸಿ, ಸಂಗಾತಿಯ ಕುತ್ತಿಗೆಗೆ ಕೈ ಹಾಕಿ ಜೋತುಬೀಳಿ. ಸೊಂಟದ ನೋವಿಗೆ ನಾಲ್ಕು ಕಾಲಿನ ಭಂಗಿ, ಅಂದರೆ ಅಂಗೈ ಮೊಣಕಾಲು ಊರಿ ಇರುವುದು, ಬಹಳ ಹಿತ. ಸುಸ್ತಾದರೆ ಪಕ್ಕಕ್ಕೆ ಮಲಗಿ ಮೇಲಿನ ಕಾಲಿನ ಕೆಳಗೆ ದಿಂಬು ಇಟ್ಟುಕೊಳ್ಳಿ. ಕುಕ್ಕರಗಾಲಲ್ಲಿ ಕೂತರೆ ಮಗು ಇಳಿಯಲು ಸುಲಭ, ಆದರೆ ಹಿಡಿದುಕೊಳ್ಳಲು ಒಬ್ಬರು ಬೇಕು.

ಮುಕ್ಕುವುದೂ, ಅಂದರೆ ಮಗು ಹೊರಬರಲು ಕೆಳಗೆ ಬಲ ಹಾಕುವುದೂ ಅಷ್ಟೇ. ಉಸಿರು ಬಿಗಿಹಿಡಿದು ಹತ್ತು ಎಣಿಸುವವರೆಗೆ ಮುಕ್ಕು ಅಂತ ಒಬ್ಬರು ಕೂಗಬೇಕಾದ್ದಿಲ್ಲ. ಔಷಧಿ ಇಲ್ಲದ ಹೆರಿಗೆಯಲ್ಲಿ ದೇಹವೇ ಮುಕ್ಕಿಸುತ್ತದೆ, ಅದರ ಜೊತೆ ಹೋಗಿ. ತಲೆ ಹೊರಬರುವ ಕೊನೆಯ ಗಳಿಗೆಯಲ್ಲಿ ಉರಿ ಬರುತ್ತದೆ. ಆಗ ಡಾಕ್ಟರ್ ಅಥವಾ ಮಿಡ್‌ವೈಫ್ "ಮುಕ್ಕಬೇಡಿ, ಊದಿ" ಅಂದರೆ ಬಾಯಿಂದ ಮೆಲ್ಲಗೆ ಊದಿ. ತಲೆ ನಿಧಾನವಾಗಿ ಬಂದರೆ ಚರ್ಮ ಹರಿಯುವುದು ಕಡಿಮೆ.

ಊಟ ಮಾಡಬಹುದಾ?

ತೊಂದರೆ ಇಲ್ಲದ ಹೆರಿಗೆಯಲ್ಲಿ ಹಗುರ ಊಟ, ನೀರು, ಜ್ಯೂಸ್ ತೆಗೆದುಕೊಳ್ಳಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆಸ್ಪತ್ರೆಯ ನಿಯಮ ಬೇರೆ ಇದ್ದರೆ ಮುಂಚೆಯೇ ಕೇಳಿ ಇಟ್ಟುಕೊಳ್ಳಿ.

ಕೆಳಗೆ ಕತ್ತರಿ ಹಾಕಿ ಹೊಲಿಗೆ ಹಾಕ್ತಾರಂತೆ, ನಿಜವಾ?

ಎಲ್ಲರಿಗೂ ಹಾಕಬೇಕಾದ್ದಿಲ್ಲ. ಮಗುವನ್ನು ಬೇಗ ಹೊರತರಬೇಕಾದಾಗ ಅದರ ಅಗತ್ಯ ಬೀಳಬಹುದು. ಕಾರಣವಿಲ್ಲದೆ ರೂಢಿಯಿಂದ ಕತ್ತರಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವುದಿಲ್ಲ. ಮಗು ಇಳಿಯಲಿ ಅಂತ ಹೊಟ್ಟೆಯ ಮೇಲಿಂದ ಒತ್ತುವುದು ಬೇಡ, ಕೂದಲು ತೆಗೆಯುವುದನ್ನೂ ಎನಿಮಾ ಕೊಡುವುದನ್ನೂ ರೂಢಿಯಾಗಿ ಮಾಡಬೇಡಿ ಎಂದೇ ಹೇಳುತ್ತದೆ. ಮುಕ್ಕುವ ಹಂತದಲ್ಲಿ ಆ ಜಾಗಕ್ಕೆ ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆ ಇಟ್ಟರೆ ಹೆಚ್ಚು ಹರಿಯುವುದು ಕಡಿಮೆಯಾಗುತ್ತದೆ. ಚೊಚ್ಚಲಾದರೆ 35ನೇ ವಾರದ ಸುಮಾರಿಗೆ ಅದೇ ಜಾಗಕ್ಕೆ ಎಣ್ಣೆ ಹಚ್ಚಿ ಬೆರಳಿನಿಂದ ಮೆಲ್ಲಗೆ ಎಳೆದು ಸಡಿಲಿಸುವ ಮಸಾಜನ್ನು ಡಾಕ್ಟರನ್ನು ಕೇಳಿ ಶುರುಮಾಡಬಹುದು.

ಇದನ್ನೆಲ್ಲ ಡಾಕ್ಟರ ಹತ್ತಿರ ಹೇಗೆ ಮಾತಾಡೋದು? ಬೇಜಾರು ಮಾಡ್ಕೊಂಡ್ರೆ?

ಏಳು ಅಥವಾ ಎಂಟನೇ ತಿಂಗಳಲ್ಲಿ, ಸಂಗಾತಿಯೂ ಜೊತೆಗಿರುವ ದಿನ ಕೇಳಿ. ಒಂದು ಪುಟಕ್ಕಿಂತ ಜಾಸ್ತಿ ಬರೆದುಕೊಂಡು ಹೋಗಬೇಡಿ. "ಇದು ಬೇಡ, ಅದು ಬೇಡ" ಎಂಬ ಪಟ್ಟಿ ಕೊಡುವ ಬದಲು "ಎಲ್ಲ ಸರಿ ಇದ್ದರೆ ಹೀಗೆ ಮಾಡಲು ಆಗುತ್ತಾ?" ಎಂದು ಕೇಳಿ. ಲೇಬರ್ ರೂಮಿಗೆ ಎಷ್ಟು ಜನರನ್ನು ಬಿಡುತ್ತೀರಿ, ಓಡಾಡಬಹುದಾ, ಮಗುವಿನ ಎದೆಬಡಿತವನ್ನು ಬೆಲ್ಟ್ ಕಟ್ಟಿ ನೋಡುತ್ತೀರಾ ಅಥವಾ ಆಗಾಗ ನೋಡುತ್ತೀರಾ, ದಿನ ದಾಟಿದರೆ ಎಷ್ಟು ಕಾಯುತ್ತೀರಿ. ಉತ್ತರ ಹೇಳುವ ಧಾಟಿಯಲ್ಲೇ ನಿಮಗೆ ಎಷ್ಟೋ ಗೊತ್ತಾಗುತ್ತದೆ. ಕೇಳಿದ್ದಕ್ಕೇ ಸಿಡುಕಿದರೆ, ಸಮಯವಿದ್ದಾಗಲೇ ಬೇರೊಬ್ಬರನ್ನು ನೋಡಬಹುದು.

ಹೆರಿಗೆಯ ನಡುವೆ ಏನಾದರೂ ಮಾಡಬೇಕು ಅಂದಾಗ ಸಂಗಾತಿ ಕೇಳಬೇಕಾದ್ದು ಇಷ್ಟೇ: ಇದು ಈಗಲೇ ಬೇಕಾ? ಯಾಕೆ? ಬೇರೆ ದಾರಿ ಇದೆಯಾ? ಸ್ವಲ್ಪ ಕಾದರೆ ಏನಾಗುತ್ತದೆ? ತುರ್ತು ಅಂದರೆ ಡಾಕ್ಟರ್ ತಕ್ಷಣ ಹೇಳುತ್ತಾರೆ, ಆಗ ವಾದ ಬೇಡ.

ಆಸ್ಪತ್ರೆಯಲ್ಲಿ ಒಬ್ಬರನ್ನೇ ಒಳಗೆ ಬಿಡ್ತಾರೆ. ಗಂಡನಾ, ಡೌಲಾನಾ?

ಆಯ್ಕೆ ನಿಮ್ಮದು, ಮನೆಯವರದ್ದಲ್ಲ. ನನ್ನನ್ನು ಕೇಳಿದರೆ, ಯಾರ ಕೈ ಹಿಡಿದರೆ ನಿಮ್ಮ ಭುಜ ಸಡಿಲವಾಗುತ್ತದೋ ಅವರನ್ನೇ ಕರೆದುಕೊಂಡು ಹೋಗಿ. ಸಂಗಾತಿ ಒಳಗಿದ್ದರೆ, ಮನೆಯಲ್ಲಿ ಕಳೆಯುವ ಮೊದಲ ಹಂತದಲ್ಲಿ ಡೌಲಾ ಜೊತೆಗಿದ್ದು, ಆಮೇಲೆ ಹೊರಗಿನಿಂದ ಫೋನಿನಲ್ಲಿ ನೆರವಾಗಬಹುದು.

ಕೊನೆಗೆ ಎಪಿಡ್ಯೂರಲ್ (ಬೆನ್ನಿಗೆ ಕೊಡುವ, ನೋವು ತಗ್ಗಿಸುವ ಇಂಜೆಕ್ಷನ್) ಕೇಳಿದರೆ ಸೋತ ಹಾಗಾ?

ಖಂಡಿತ ಅಲ್ಲ. ಈ ಭಾವನೆ ಹೆಂಗಸರ ತಲೆಯಲ್ಲಿ ಕೂತಿರುವುದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಎರಡು ರಾತ್ರಿ ನಿದ್ದೆ ಇಲ್ಲದವಳಿಗೆ ಎಪಿಡ್ಯೂರಲ್‌ನಿಂದ ಎರಡು ಗಂಟೆ ನಿದ್ದೆ ಸಿಕ್ಕಿ, ಎದ್ದು ಮಗು ಹೆತ್ತರೆ ಅದು ಒಳ್ಳೆಯ ಹೆರಿಗೆಯೇ. ಎಪಿಡ್ಯೂರಲ್ ತೆಗೆದುಕೊಂಡರೆ ಸಿಸೇರಿಯನ್ ಗ್ಯಾರಂಟಿ ಎಂಬ ಮಾತೂ ಸರಿಯಲ್ಲ. ಮುಕ್ಕುವ ಹಂತ ಸ್ವಲ್ಪ ಉದ್ದವಾಗಬಹುದು, ಬಿಪಿ ಇಳಿಯಬಹುದು, ಓಡಾಡುವುದು ಕಷ್ಟ. ಅದನ್ನೆಲ್ಲ ತಿಳಿದು ತೆಗೆದುಕೊಳ್ಳಿ. ಡೌಲಾ ಆಗಲೂ ಬಿಟ್ಟುಹೋಗುವುದಿಲ್ಲ, ಪಕ್ಕ ಬದಲಿಸಲು, ದಿಂಬು ಇಡಲು, ಮುಕ್ಕುವ ಹೊತ್ತು ತಿಳಿಸಲು ಜೊತೆಗಿರುತ್ತಾರೆ.

ಸಿಸೇರಿಯನ್ ಆಗಿಬಿಟ್ಟರೆ?

2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಲೆಕ್ಕದಂತೆ ಪ್ರಪಂಚದಲ್ಲಿ ಐದರಲ್ಲಿ ಒಂದಕ್ಕಿಂತ ಹೆಚ್ಚು ಹೆರಿಗೆ ಸಿಸೇರಿಯನ್. ಅದರಲ್ಲಿ ಬೇಡದ್ದೂ ಇವೆ, ಜೀವ ಉಳಿಸಿದವೂ ಇವೆ. ಮಗುವಿನ ಎದೆಬಡಿತ ಇಳಿದು ಡಾಕ್ಟರ್ ಈಗಲೇ ಬೇಕು ಅಂದಾಗ ಎರಡನೇ ಯೋಚನೆ ಬೇಡ. ಆಪರೇಷನ್ ಥಿಯೇಟರಿನಲ್ಲಿ ಸಂಗಾತಿ ತಲೆಯ ಹತ್ತಿರ ಕೂರಬಹುದಾ, ಮಗುವನ್ನು ಅಲ್ಲೇ ಎದೆಗೆ ಕೊಡುತ್ತೀರಾ ಅಂತ ಮೊದಲೇ ಕೇಳಿರಿ. ಆಮೇಲೆ "ನನ್ನ ಕೈಲಾಗಲಿಲ್ಲ" ಅನ್ನುವ ನೋವು ಇದ್ದರೆ ಅದನ್ನು ಹೇಳಿಕೊಳ್ಳಿ. "ಮಗು ಚೆನ್ನಾಗಿದೆಯಲ್ಲ, ಮತ್ತೇನು" ಎಂದು ಯಾರೂ ಆ ಬಾಯಿ ಮುಚ್ಚಿಸಬಾರದು.

ಮೊದಲನೆಯದು ಸಿಸೇರಿಯನ್. ಈಗ ನಾರ್ಮಲ್ ಆಗುತ್ತಾ?

ಗರ್ಭಕೋಶದ ಕೆಳಭಾಗದಲ್ಲಿ ಅಡ್ಡ ಗಾಯ ಇರುವ, ಬೇರೆ ತೊಂದರೆ ಇಲ್ಲದವರು ಪ್ರಯತ್ನಿಸಿದರೆ ನೂರರಲ್ಲಿ 60ರಿಂದ 80 ಜನರಿಗೆ ಆಗುತ್ತದೆ. ಹಳೆಯ ಗಾಯ ಬಿಡುವ ಅಪಾಯ ಸುಮಾರು 200ರಲ್ಲಿ ಒಬ್ಬರಿಗೆ. ಅಪರೂಪ, ಆದರೆ ಹಾಗೇನಾದರೂ ಆದಲ್ಲಿ ಬಹಳ ಗಂಭೀರ. ಹಾಗಾಗಿ ಇದು ಯಾವ ಗಳಿಗೆಯಲ್ಲೂ ಆಪರೇಷನ್ ಮಾಡಲು ಸೌಲಭ್ಯ ಇರುವ ಆಸ್ಪತ್ರೆಯಲ್ಲೇ ಆಗಬೇಕು. ಹಿಂದಿನ ಆಪರೇಷನ್ ಕಾಗದಗಳನ್ನು ಹುಡುಕಿ ಡಾಕ್ಟರಿಗೆ ತೋರಿಸಿ.

ಮಗು ಹುಟ್ಟಿದ ಮೇಲೆ ಮೊದಲ ಗಂಟೆ ಏನು ಮಾಡಬೇಕು?

ಆದಷ್ಟು ಕಡಿಮೆ. ಮಗುವನ್ನು ಒರೆಸಿ, ಬಟ್ಟೆ ಸುತ್ತದೆ ನಿಮ್ಮ ಬರಿ ಎದೆಯ ಮೇಲೆ ಹಾಕಿ, ಇಬ್ಬರ ಮೇಲೂ ಹೊದಿಸಲಿ. ಮಗು ಸರಿ ಇದ್ದರೆ ಹೊಕ್ಕುಳಬಳ್ಳಿಯನ್ನು ಒಂದು ನಿಮಿಷವಾದರೂ ಕಾದು ಕತ್ತರಿಸಲಿ, ಅದರಿಂದ ಮಗುವಿಗೆ ರಕ್ತ, ಕಬ್ಬಿಣದಂಶ ಹೆಚ್ಚು ಸಿಗುತ್ತದೆ. ತೂಕ, ಫೋಟೋ ಎಲ್ಲ ಆಮೇಲೆ. ಸ್ನಾನ ಒಂದು ದಿನ ಬಿಟ್ಟು. ಆ ಗಂಟೆಯಲ್ಲಿ ಎಷ್ಟೋ ಮಕ್ಕಳು ತಾವೇ ತಲೆ ಆಡಿಸಿ, ಬಾಯಿ ತೆರೆದು ಮೊಲೆ ಹುಡುಕುತ್ತವೆ. ಮಾಸು ಬೀಳುವಾಗ ರಕ್ತ ಜಾಸ್ತಿ ಹೋಗದಂತೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುತ್ತಾರೆ. ಸಹಜ ಹೆರಿಗೆ ಬೇಕು ಅಂತ ಅದನ್ನು ಬೇಡ ಅನ್ನಬೇಡಿ, ಅದು ತಾಯಂದಿರ ಜೀವ ಉಳಿಸುವ ಔಷಧಿ.

ಡೌಲಾ ಆರಿಸುವಾಗ ಏನು ನೋಡಬೇಕು?

ಎಲ್ಲಿ ಕಲಿತರು, ನಿಮ್ಮ ಡೇಟಿನ ಸುತ್ತ ಬೇರೆ ಹೆರಿಗೆ ಒಪ್ಪಿಕೊಂಡಿದ್ದಾರಾ, ಅವರಿಗೆ ಹುಷಾರಿಲ್ಲದಿದ್ದರೆ ಬದಲಿಗೆ ಯಾರು, ಹೆರಿಗೆ ತುಂಬ ಉದ್ದವಾದರೆ ಏನು ಮಾಡುತ್ತಾರೆ, ಶುಲ್ಕದಲ್ಲಿ ಏನೇನು ಸೇರಿದೆ ಎಂದು ಕೇಳಿ. "ಸಿಸೇರಿಯನ್ ಆದರೆ ಜೊತೆಗಿರ್ತೀರಾ?" ಎಂದೂ ಕೇಳಿ. ಸಹಜ ಹೆರಿಗೆ ಮಾಡಿಸಿಯೇ ತೀರುತ್ತೇನೆ ಎಂದು ಭರವಸೆ ಕೊಡುವವರು ಬೇಡ. ನೀವು ಮಾತಾಡುವಾಗ ಅವರು ಕೇಳಿಸಿಕೊಳ್ಳುತ್ತಾರಾ, ಅಥವಾ ತಮ್ಮದೇ ಹೇಳುತ್ತಾರಾ ಎಂಬುದನ್ನು ಇಬ್ಬರೂ ಗಮನಿಸಿ.

ಹೆರಿಗೆ ಆದಮೇಲೆ ಡೌಲಾ ಬರ್ತಾರಾ?

ಹೆಚ್ಚಿನವರು ಒಂದೆರಡು ಸಲ ಬರುತ್ತಾರೆ. ಹಾಲು ಕುಡಿಸುವುದರಲ್ಲಿ ನೆರವಾಗುತ್ತಾರೆ, ಹೆರಿಗೆಯಲ್ಲಿ ನಡೆದದ್ದನ್ನು ಕೂತು ನೆನಪು ಮಾಡಿಕೊಳ್ಳುತ್ತಾರೆ. ಯಾವಾಗ ಏನಾಯಿತು ಎಂದು ಬಾಣಂತಿಗೆ ಎಷ್ಟೋ ಸಲ ಮಸುಕಾಗಿರುತ್ತದೆ, ಅದನ್ನು ಯಾರಾದರೂ ಹೇಳಿದರೆ ಮನಸ್ಸು ಹಗುರವಾಗುತ್ತದೆ. ಮೊದಲ ವಾರದಲ್ಲಿ ಕಾರಣವಿಲ್ಲದೆ ಅಳು ಬರುವುದು ತುಂಬ ಜನರಿಗೆ ಆಗುತ್ತದೆ, ತಾನಾಗಿ ಕಡಿಮೆಯಾಗುತ್ತದೆ. ಎರಡು ವಾರ ದಾಟಿದರೂ ಅಳು ನಿಲ್ಲದಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಮಗುವಿನ ಮೇಲೆ ಮನಸ್ಸೇ ಬಾರದಿದ್ದರೆ ಸಂಗಾತಿ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಸಾಯಬೇಕು ಅನ್ನಿಸಿದರೆ, ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಅನ್ನಿಸಿದರೆ, ಇಲ್ಲದ ದನಿ ಕೇಳಿಸಿದರೆ ಎರಡು ವಾರ ಕಾಯುವ ಮಾತೇ ಇಲ್ಲ, ಅವತ್ತೇ ಹೋಗಬೇಕು. ಡಾಕ್ಟರ್ ನೋಡುವವರೆಗೂ ಒಬ್ಬರು ಅವಳ ಪಕ್ಕದಲ್ಲೇ ಇರಬೇಕು.